ಬೆಕ್ಕಿಗೆ ಕಲೆಸಿದ ಅನ್ನ

ನಾನು ಸೊಸೆಯಾಗಿ ಮುಂಬಯಿಯ ಪರೇಲಿನ ಚಾಳಿಗೆ ಬಂದಾಗ ಆ ಒಂದೇ ಕೋಣೆಯ ಖೋಲಿಯಲ್ಲಿ ಅತ್ತೆ, ಮಾವ, ನನ್ನ ಗಂಡ, ಮತ್ತೆ ಒಂದು ಬೂದಿ ಬಣ್ಣದ ಹೆಣ್ಣು ಬೆಕ್ಕು ಇದ್ದರು. ಮಾವ ತಾವು ಅಡುಗೆ ಮಾಡುತ್ತಿದ್ದ ಹೋಟೆಲಿನ ಅಕ್ಕಿ ಕೋಣೆಯಿಂದ ಅದನ್ನು ಮರಿಯಾಗಿದ್ದಾಗ ಚೀಲದಲ್ಲಿ ಹಾಕಿಕೊಂಡು ತಂದದ್ದಂತೆ. ನಾನು ನೋಡುವಾಗಲೇ ಅದಕ್ಕೆ ವಯಸ್ಸಾಗಿತ್ತು. ನನ್ನನ್ನು ಕಂಡು ಒಮ್ಮೆ ಆಕಳಿಸಿ ಮುಖ ತಿರುಗಿಸಿತು. ಅತ್ತೆಯೂ ಹೆಚ್ಚು ಕಮ್ಮಿ ಹಾಗೆಯೇ ಮಾಡಿದರು.

ಆಗಿನ್ನೂ ಮುಂಬಯಿಯಲ್ಲಿ ಟ್ರಾಮ್ ಓಡುತ್ತಿತ್ತು. ಇಡೀ ಮಾಳಿಗೆಗೆ ಒಂದೇ ನಲ್ಲಿ. ಬೆಳಿಗ್ಗೆ ಮಿಲ್ಲಿನ ಭೋಂಗಾ ಕೂಗುವ ಮೊದಲೇ ಕೊಡಪಾನಗಳ ಜಗಳ ಶುರು. ಬಿಸಿಲೇರಿದ ಮೇಲೆ ಮೀನಿನವಳು ಬುಟ್ಟಿ ಹೊತ್ತು ಖೋಲಿಗಳ ಮುಂದಿನ ಉದ್ದ ಗ್ಯಾಲರಿಗೆ ಬರುತ್ತಿದ್ದಳು. ಅವಳು ಮೆಟ್ಟಿಲು ಹತ್ತುವಾಗಲೇ ನಮ್ಮ ಬೆಕ್ಕಿನ ಕಿವಿ ನೆಟ್ಟಗಾಗುತ್ತಿತ್ತು. ಈಗ ಮಕ್ಕಳ ದೊಡ್ಡ ಫ್ಲಾಟಿನಲ್ಲಿ ಬಾಗಿಲು ಮುಚ್ಚಿಕೊಂಡು ಕೂತಾಗ ನನಗೆ ಆ ಗ್ಯಾಲರಿಯ ಗಲಾಟೆಯೇ ನೆನಪಾಗುತ್ತದೆ. ನೆಮ್ಮದಿ ಇರಲಿಲ್ಲ, ಆದರೆ ಹೊತ್ತು ಹೋಗುತ್ತಿತ್ತು.

ಗಂಡಸರ ಊಟವಾದ ಮೇಲೆ ಅತ್ತೆ ಬಡಿಸಿಕೊಂಡು ಕೂರುತ್ತಿದ್ದರು. ಬೆಕ್ಕು ಅವರ ಮೊಣಕಾಲಿಗೆ ಒರಗಿ ಕೂರುತ್ತಿತ್ತು. ಅವರು ಮೀನಿನ ಮುಳ್ಳು ತೆಗೆದು, ಅನ್ನದ ಜೊತೆ ನುಣ್ಣಗೆ ಕಲೆಸಿ, ತಗಡಿನ ತಟ್ಟೆಗೆ ಹಾಕಿದರೆ ಅದು ಊಟ. ಬೇರೆ ಯಾರೂ ಅದಕ್ಕೆ ಹಾಕಿದ್ದನ್ನು ನಾನು ನೋಡಲಿಲ್ಲ.

ಮಾವ ತೀರಿಕೊಂಡರು. ಕ್ರಿಯೆಯ ದಿನ ನೆಂಟರು, ಸತ್ತವರ ಹೆಸರಲ್ಲಿ ಇಷ್ಟದ್ದೊಂದನ್ನು ತಿನ್ನುವುದು ಬಿಡಬೇಕು ಎಂದರು. ಹಾಗಲಕಾಯಿ ಬಿಟ್ಟು ಪುಣ್ಯ ಕಟ್ಟಿಕೊಂಡ ಜಾಣರನ್ನು ನಾನು ಕಂಡಿದ್ದೇನೆ. ಅತ್ತೆ ಅಂಥವರಲ್ಲ. ಮೀನು ಬಿಟ್ಟರು. ಮೀನಿನ ಸಾರಿಲ್ಲದೆ ಗಂಜಿ ಇಳಿಯದ ಹೆಂಗಸು, ಮೀನು ಬೇಯುವ ಹೊತ್ತಿಗೆ ಗ್ಯಾಲರಿಗೆ ಹೋಗಿ ಕೂರತೊಡಗಿದರು. ಬೆಕ್ಕಿಗೆ ಹಾಕುವ ಕೆಲಸ ನನಗೆ ಬಂತು.

ಬೆಕ್ಕು ತಿನ್ನಲಿಲ್ಲ.

ಮೊದಲು ಸೊಕ್ಕು ಎಂದುಕೊಂಡೆ. ಆಮೇಲೆ ಹಲ್ಲಿಲ್ಲದ್ದಕ್ಕೆ ಎಂದುಕೊಂಡು ಮುಳ್ಳು ಮೆತ್ತಗಿರುವ ಬೊಂಬಿಲ್ ಮೀನು ತಂದು ಬೇಯಿಸಿ ಕಿವುಚಿ ಕೊಟ್ಟೆ. ಮೂಸಿ ಹಿಂದೆ ಸರಿಯಿತು. ಒಣ ಸೀಗಡಿ ಹುರಿದು ಪುಡಿ ಮಾಡಿ ಉದುರಿಸಿದೆ. ಹಾಲು ಇಟ್ಟೆ. ಪಕ್ಕದ ಖೋಲಿಯ ಮರಾಠಿ ಬಾಯಿ ಬಂದು, ‘ಗರಂ ಗರಂ ದೇ ಗ, ಮುದಿ ಬೆಕ್ಕಿಗೆ ತಣ್ಣಗಿದ್ದರೆ ವಾಸನೆ ಗೊತ್ತಾಗಲ್ಲ’ ಎಂದಳು. ಬಿಸಿ ಮಾಡಿಟ್ಟರೆ ಎರಡು ಸಲ ನಾಲಿಗೆ ಹಾಕಿ ಬಿಟ್ಟಿತು. ಬೆನ್ನಿನ ಮೂಳೆ ಕೈಗೆ ಸಿಗುವಷ್ಟು ಬಡವಾಯಿತು.

ಅತ್ತೆ ಗ್ಯಾಲರಿಯಿಂದಲೇ ಶುರು ಮಾಡಿದರು.

‘ಬೆಕ್ಕಿಗೂ ಸೇರ್ತಿಲ್ಲೆ ಕಾಣ್ ನಿನ್ನ ಅಡ್ಗಿ.’

‘ನಿಮ್ಮ ಮಗ ತಿಂತ್ರಲೆ ಅತ್ತೆ.’

‘ಅವ್ನಿಗೆ ಎಂತ ಗೊತ್ತಿತ್ತ್, ಪಾಪ.’

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆದರೆ ಅವರ ತಟ್ಟೆಯಲ್ಲಿ ಅನ್ನವೂ ಹಾಗೆಯೇ ಉಳಿಯುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಬೆಕ್ಕು ಮೂಲೆಯಲ್ಲಿ, ಇವರು ಗ್ಯಾಲರಿಯಲ್ಲಿ. ಮಾವನ ಹಿಂದೆ ಇದೂ ಹೋದರೆ ಈ ಹೆಂಗಸು ಮೊದಲಿನಂತೆ ಎದ್ದು ಓಡಾಡುವುದಿಲ್ಲ ಎಂದು ನನಗೆ ಅನಿಸಿಬಿಟ್ಟಿತ್ತು.

ನಮ್ಮವರು ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸಿಕೊಂಡು ಕೂರುವವರು. ಊಟಕ್ಕೆ ಬಂದಾಗ ಹೇಳಿದೆ. ಅವರು ನಕ್ಕರು.

‘ನಮ್ ಹೋಟ್ಲಂಗೂ ಹಾಂಗೇ. ಮಾಣಿ ಬದ್ಲಾರೆ ಹಳೇ ಗಿರಾಕಿಗಳಿಗೆ ಸಾಂಬಾರ್ ಸಪ್ಪೆ ಆತ್ತ್. ಸಾಂಬಾರ್ ಅದೇ, ಮಾಣಿ ಬೇರೆ.’

ತಮಾಷೆಗೆ ಹೇಳಿದ್ದು. ನಾನು ಬೆಕ್ಕಿನ ತಟ್ಟೆ ಎತ್ತಿಕೊಂಡು ನೇರ ಗ್ಯಾಲರಿಗೆ ಹೋದೆ.

‘ಅತ್ತೆ, ನೀವೇ ಕಲ್ಸಿ ಕೊಡಿ.’

‘ಹುಚ್ಚಾ ನಿಂಗೆ? ಮೀನ್ ಬಿಟ್ಟವ್ಳ್ ಮುಟ್ಟುಕೆ ಆತ್ತಾ?’

‘ಬಿಟ್ಟದ್ದ್ ತಿಂಬುದಲ್ದಾ? ಕೈ ಎಂತ ಮಾಡಿತ್ತ್?’

‘ನಂಗೆ ಶಾಸ್ತ್ರ ಹೇಳ್ಬೇಡ, ಒಳಗೆ ಹೋಗ್.’

ಹೋದೆ. ಆದರೆ ತಟ್ಟೆಯನ್ನು ಅವರ ಮುಂದೆಯೇ ಬಿಟ್ಟು ಹೋದೆ. ಬೆಕ್ಕು ಎದ್ದು, ನಡುವೆ ಒಮ್ಮೆ ಕೂತು, ಮತ್ತೆ ಎದ್ದು ಅವರ ಮೊಣಕಾಲಿನ ಹತ್ತಿರ ಹೋಗಿ ಒರಗಿತು. ತಟ್ಟೆಯತ್ತ ನೋಡಲೂ ಇಲ್ಲ. ಅವರ ಮುಖವನ್ನೇ ನೋಡುತ್ತಿತ್ತು.

ನಾನು ಬಾಗಿಲ ಮರೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ, ಆದರೆ ನೀರು ಹಾಕಲಿಲ್ಲ. ಅತ್ತೆ ಆಚೆ ಈಚೆ ನೋಡಿ ಎಡಗೈ ಚಾಚಿದರು. ಎಡಗೈಯಾದರೆ ಲೆಕ್ಕಕ್ಕಿಲ್ಲ ಎಂದುಕೊಂಡರೋ ಏನೋ. ಎಡಗೈಯಲ್ಲಿ ಅನ್ನ ಕಲೆಸಲು ಬರುತ್ತದೆಯೇ? ಬೊಂಬಿಲ್ ಒಂದು ಕಡೆ, ಅಗುಳು ಒಂದು ಕಡೆ. ಬೆಕ್ಕು ಮೂಸಿ ಸುಮ್ಮನಾಯಿತು. ‘ನಿನ್ನ ಹಣೆಬರ’ ಎಂದು ಬೈದು ಬಲಗೈ ಹಾಕಿದರು. ಮೀನು, ಅನ್ನ, ಸಾರು ಎಲ್ಲ ಒಂದಾಗುವ ಹಾಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಕಲೆಸಿದರು. ಬೆಕ್ಕು ತಲೆ ತಗ್ಗಿಸಿ ಅವರ ಬೆರಳಿನಿಂದಲೇ ನೆಕ್ಕತೊಡಗಿತು. ಹಲ್ಲಿಲ್ಲದ ಬಾಯಿಯ ಚಪ್ ಚಪ್ ಸದ್ದು ನನಗೂ ಕೇಳಿಸಿತು.

ಅರ್ಧ ತಿಂದು ಉಸಿರು ಬಿಡಲು ನಿಂತಿತು. ಅತ್ತೆ ಅದು ಯಾಕೆ ನಿಲ್ಲಿಸಿತು ಎಂದು ತಟ್ಟೆಯಿಂದ ಚೂರು ತೆಗೆದು ತಮ್ಮ ನಾಲಿಗೆಗೆ ಇಟ್ಟುಕೊಂಡರು. ಜೀವಮಾನವೆಲ್ಲ ಅಡುಗೆ ಮಾಡಿ ರುಚಿ ನೋಡಿದ ಕೈ, ಕೇಳದೆ ಬಾಯಿಗೆ ಹೋಗಿಬಿಟ್ಟಿತು.

‘ಉಪ್ಪೇ ಇಲ್ಲೆ ಇದ್ರಂಗೆ’ ಎಂದರು, ಜೋರಾಗಿ.

ಆಮೇಲೆ ತಾವು ಬಾಯಿಗಿಟ್ಟದ್ದು ಏನೆಂದು ಅವರಿಗೆ ಗೊತ್ತಾಯಿತು. ನನ್ನತ್ತ ನೋಡಿದರು. ನಾನು ಪಾತ್ರೆಗೆ ನೀರು ಸುರಿದೆ.

‘ನಾಳೆ ಹಾಕ್ತೆ ಅತ್ತೆ’ ಎಂದೆ.

ಎದ್ದು ಬಾಯಿ ಮುಕ್ಕಳಿಸಿ ಬಂದರು. ಆ ಮಾತು ಅವರೂ ಎತ್ತಲಿಲ್ಲ, ನಾನೂ ನಮ್ಮವರಿಗೆ ಹೇಳಲಿಲ್ಲ.

ಮರುದಿನ ಬೆಕ್ಕಿನ ಬೊಂಬಿಲ್‌ಗೆ ಉಪ್ಪು ಹಾಕಿದೆ, ಒಂದು ಹುಣಸೆ ಎಸಳು, ಎರಡು ಮೆಣಸಿನ ಕಾಳು ಕೂಡ. ಬೆಕ್ಕಿಗೆ ಹುಣಸೆ ಯಾಕೆ ಎಂದು ಅತ್ತೆ ಕೇಳಲಿಲ್ಲ. ಕಲೆಸುವರು, ಚೂರು ನಾಲಿಗೆಗೆ ಇಡುವರು, ‘ಹ್ಞೂಂ’ ಎಂದೋ ‘ಖಾರ ಆಯ್ತ್, ತಡೀತಿಲ್ಲೆ ಅದ್ಕೆ’ ಎಂದೋ ಹೇಳುವರು. ನಾನು ಆ ಹೊತ್ತಿಗೆ ಬೆನ್ನು ಹಾಕಿ ಏನಾದರೂ ತೊಳೆಯುತ್ತಿರುತ್ತಿದ್ದೆ. ಮೀನು ಬೇಯುವಾಗ ಅವರು ಗ್ಯಾಲರಿಗೆ ಹೋಗುವುದು ನಿಂತಿತು. ಬೆಕ್ಕು ತಿನ್ನುವ ತನಕ ಪಕ್ಕದಲ್ಲಿ ಕೂತು ಊರಿನ ಹೊಳೆ, ತಮ್ಮ ಮದುವೆ, ಮಾವನ ಸಿಟ್ಟು ಎಲ್ಲ ಹೇಳುತ್ತಿದ್ದರು. ಅವರಿಗೂ ನನಗೂ ಜಗಳವಿಲ್ಲದೆ ಹೋದ ಹೊತ್ತು ಅದೊಂದೇ. ಬೆಕ್ಕಿನ ಮೈ ಸ್ವಲ್ಪ ತುಂಬಿತು. ಅತ್ತೆಯದೂ.

ಆ ಮಳೆಗಾಲ ಕಳೆಯಿತು. ಒಂದು ದಿನ ಅತ್ತೆಯ ಬೆರಳು ಮೂತಿಗೆ ತಾಗಿದರೂ ಬೆಕ್ಕು ಬಾಯಿ ತೆರೆಯಲಿಲ್ಲ. ನಾನು ಬಿಸಿ ಮಾಡಿ ತರುತ್ತೇನೆ ಎಂದು ಎದ್ದೆ.

‘ಬೇಡ ಹೆಣೆ’ ಎಂದು ನನ್ನನ್ನು ತಡೆದರು. ‘ಅದಕ್ಕೆ ಸಾಕಾಯ್ತ್.’

ಒತ್ತಾಯ ಮಾಡಲಿಲ್ಲ. ಅವತ್ತು ನಾಲಿಗೆಗೂ ಇಟ್ಟುಕೊಳ್ಳಲಿಲ್ಲ. ಕಲೆಸಿದ್ದನ್ನು ಹಾಗೆಯೇ ಕಾಗೆಗಳಿಗೆ ಹಾಕಿ ನಲ್ಲಿಗೆ ಹೋಗಿ ಕೈ ತೊಳೆದು ಬಂದು ಬೆಕ್ಕಿನ ಪಕ್ಕ ಕೂತರು. ಸಂಜೆಗೆ ಅದು ಹೋಯಿತು.

ಮರುದಿನ ಮೀನಿನವಳು ಕೇಳದೆಯೇ ಬೆಕ್ಕಿನ ಪಾಲಿನ ಬೊಂಬಿಲ್ ತೆಗೆದಿಟ್ಟಳು. ಅತ್ತೆ ಬಾಗಿಲಲ್ಲೇ ಇದ್ದರು. ನಾನು ಅವರತ್ತ ನೋಡಿದೆ. ಅವರು ಬೇಡವೆಂದು ತಲೆ ಅಲ್ಲಾಡಿಸಿದರು.

‘ಇವತ್ತು ಬೇಡ’ ಎಂದು ಅವಳನ್ನು ಕಳಿಸಿದೆ.