ಮುನಿಕೆಂಪಮ್ಮ ಮಾಡಿದ ಮೀನಿನ ಬಾಣಂತನ

ಕೋಗಿಲು ಎಂಬ ಊರಿನಲ್ಲಿ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರಲ್ಲಿ ಬಹುಪಾಲು ಮಂದಿ ಒಂದಾನೊಂದು ಕಾಲದಲ್ಲಿ ಮುನಿಕೆಂಪಮ್ಮನ ಚಾಚಿದ ಕಾಲುಗಳ ಮೇಲೆ ಬೋರಲು ಬಿದ್ದು ಕಿರುಚಿದವರೇ. ಹಾಲಿನ ಡೇರಿಯ ಲಕ್ಕಣ್ಣನೂ ಅವರಲ್ಲೊಬ್ಬ. ಹಸುಗೂಸಿಗೆ ನೀರು ಹಾಕುವುದರಲ್ಲಿ ಆಕೆಯದು ಚಕ್ರಾಧಿಪತ್ಯ. ಅದಕ್ಕಿದ್ದದ್ದು ಒಂದೇ ಶಾಸನ: ಬಿಸಿ ಬೇಕು, ಗಾಳಿ ಬೇಡ. ಹಂಡೆ ಕುದಿಯಬೇಕು, ಕಿಟಕಿಗೆ ಕಂಬಳಿ ಬೀಳಬೇಕು.

ಸಿಂಹಾಸನ ಅಲುಗಾಡಿದ್ದು ಸ್ವಂತ ಮನೆಯಲ್ಲೇ. ಏಳು ತಿಂಗಳ ಬಸುರಿ ಸೊಸೆ ಶಿಲ್ಪ, ಮಗುವಿಗೆ ನೀರು ಹಾಕಲು ನರ್ಸೊಬ್ಬಳನ್ನು ಗೊತ್ತುಮಾಡುವುದಾಗಿ ಹೇಳಿಬಿಟ್ಟಳು. ಸ್ವಂತ ಮೊಮ್ಮಗುವಿನ ಮೇಲೆ ಪರಕೀಯರ ಚೊಂಬು! ಮುನಿಕೆಂಪಮ್ಮ ಒಂದು ಹೊತ್ತು ಉಪವಾಸ ಕೂತು, ಮುಂದಿನ ಹೊತ್ತಿಗೆ ಎರಡು ಮುದ್ದೆ ಉಂಡು ಯುದ್ಧಕ್ಕೆ ಸಿದ್ಧಳಾದಳು.

ಅಷ್ಟರಲ್ಲಿ ಶಿಲ್ಪ ಯಲಹಂಕದಲ್ಲಿ ಬಣ್ಣದ ಮೀನು ಮಾರುವ ಫರ್ಹಾನನ ಅಂಗಡಿಯಿಂದ ಗಾಜಿನ ತೊಟ್ಟಿ ತಂದು, ಅದಕ್ಕೆ ಏಂಜಲ್ ಮೀನುಗಳನ್ನು ಬಿಟ್ಟಳು.

"ಅತ್ತೆ, ಸಂಜೆ ತನಕ ಇವನ್ನ ನೋಡ್ಕೊಳ್ಳಿ. ನೀರು ಬೆಚ್ಚಗಿರ್ಬೇಕು, ಅದಕ್ಕೆ ಹೀಟರ್ ಇದೆ. ಗುಳ್ಳೆ ಬಿಡೋ ಪಂಪ್ ಮಾತ್ರ ಆಫ್ ಮಾಡ್ಬೇಡಿ, ಗಾಳಿ ಬೇಕೇ ಬೇಕು. ಇವು ಚೆನ್ನಾಗಿದ್ರೆ ಮಗು ವಿಷ್ಯ ಆಮೇಲೆ ಮಾತಾಡೋಣ" ಎಂದು ಆಫೀಸಿಗೆ ಹೊರಟಳು.

ಮುನಿಕೆಂಪಮ್ಮನ ತಲೆ ಗಿರ್ರೆಂದಿತು. ಬೆಚ್ಚಗೂ ಇರಬೇಕು, ಗಾಳಿಯೂ ಬೇಕು! ಬೆಚ್ಚಗಿಟ್ಟ ಮೈಗೆ ಗಾಳಿ ಊದಿದರೆ ಸನ್ನಿ ಆಗುವುದಿಲ್ಲವೇ? ಪಂಪು ಆರಿಸಿದಳು. ಸೊಸೆ ಹೇಳಿದ್ದು ನೆನಪಾಗಿ ಹಾಕಿದಳು. ಗುಳ್ಳೆ ಕಂಡು ಮತ್ತೆ ಆರಿಸಿದಳು. ಬಸುರಿ ಹುಡುಗಿ, ಬಾಯಿತಪ್ಪಿ ಹೇಳಿರಬೇಕು. ನೀರಿಗೆ ಮೊಣಕೈ ಅದ್ದಿ ನೋಡಿದರೆ ಬರೀ ತಣ್ಣಗೆ! ಒಂದು ಚೊಂಬು ಬಿಸಿನೀರು ಸುರಿದು, ತೊಟ್ಟಿಗೆ ಮಗನ ಮಫ್ಲರ್ ಸುತ್ತಿ, ಮೇಲೊಂದು ಟವೆಲ್ ಹೊದಿಸಿ ಧನ್ಯಳಾದಳು.

ಸ್ವಲ್ಪ ಹೊತ್ತಿಗೆ ಟವೆಲ್ ಸರಿಸಿ ನೋಡಿದರೆ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ.

"ಅಸ್ದವೆ, ಪಾಪ" ಎಂದು ಮೀನಿನ ಕಾಳು ಉದುರಿಸಿದಳು. ಒಂದೂ ಮೂಸಲಿಲ್ಲ. ಅತಿ ಚಿಕ್ಕದೊಂದು ಪಕ್ಕಕ್ಕೆ ವಾಲಿತು. ಮುನಿಕೆಂಪಮ್ಮನ ಜೀವವೂ ಅದರ ಜೊತೆಗೇ ವಾಲಿತು. ತೊಟ್ಟಿಗೆ ಅಂಟಿಸಿದ್ದ ಅಂಗಡಿಯ ನಂಬರು ನೋಡಿ ಫರ್ಹಾನನಿಗೆ ಫೋನು ಮಾಡಿದಳು.

"ಹಸಿವಲ್ಲ ಅಮ್ಮಾ, ಉಸಿರು! ನೀರು ಬಿಸಿಯಾದಷ್ಟೂ ಅದ್ರಲ್ಲಿ ಗಾಳಿ ಕಮ್ಮಿ ಆಗುತ್ತೆ. ಬೇಗ ಪಂಪ್ ಹಾಕಿ."

ಸ್ವಿಚ್ಚು ಒತ್ತಿದಳು. ಆ ಮುಹೂರ್ತಕ್ಕೆ ಸರಿಯಾಗಿ ಕರೆಂಟು ಹೋಗಿತ್ತು.

"ಕರೆಂಟಿಲ್ಲ ಕಣಪ್ಪೋ!"

"ಹಂಗಾದ್ರೆ ಮುಚ್ಚಿದ್ದೆಲ್ಲ ತೆಗೀರಿ. ತಣ್ಣೀರು ಸುರಿಬೇಡಿ, ಅದೂ ಕಷ್ಟ. ತೊಟ್ಟಿ ನೀರನ್ನೇ ಚೊಂಬಲ್ಲಿ ಎತ್ತಿ ಎತ್ತಿ ಮೇಲಿಂದ ಹುಯ್ಯಿರಿ."

ಚೊಂಬು! ಕಡೆಗೂ ತನಗೆ ಅರ್ಥವಾಗುವ ಒಂದು ಮಾತು. ಮುನಿಕೆಂಪಮ್ಮ ಸೆರಗು ಸಿಕ್ಕಿಸಿ ಮಫ್ಲರನ್ನು ಕಿತ್ತೆಸೆದಳು. ತೊಟ್ಟಿಗೆ ಗಾಳಿ ಬೇಕಾದರೆ ಮನೆಗೂ ಬೇಕಿರಬಹುದೇನೋ ಎಂದು ಕಿಟಕಿಗಳನ್ನೂ ತೆರೆದಳು. ಆಮೇಲೆ ಎತ್ತಿದಳು, ಹುಯ್ದಳು. ಎತ್ತಿದಳು, ಹುಯ್ದಳು. ಕೋಗಿಲಿನ ಅಷ್ಟೂ ಕೂಸುಗಳಿಗೆ ಹುಯ್ದ ನೀರು ಈ ನೀರಿನ ಮುಂದೆ ಬರೀ ತಾಲೀಮು.

ಶಿಲ್ಪ ಬಂದಾಗ ನೆಲವೆಲ್ಲ ಒದ್ದೆ, ಅತ್ತೆಯೂ ಒದ್ದೆ. ವಾಲಿದ್ದ ಮೀನು ನೆಟ್ಟಗೆ ಈಜುತ್ತಿತ್ತು.

"ನಾನೇ ಉಸಿರು ಕಟ್ಟುಸ್ಬುಟ್ಟೆ ಕಣಮ್ಮ. ನರ್ಸಮ್ಮನ್ನೇ ಕರ್ಸು" ಎಂದು ಮುನಿಕೆಂಪಮ್ಮ ಚೊಂಬು ಕೆಳಗಿಟ್ಟಳು.

ಶಿಲ್ಪ ಮೀನು ನೋಡಿದಳು, ತೆರೆದ ಕಿಟಕಿ ನೋಡಿದಳು. ಚೊಂಬೆತ್ತಿ ಅತ್ತೆಯ ಕೈಗೇ ಕೊಟ್ಟಳು.

"ನೀರು ನೀವೇ ಹಾಕಿ ಅತ್ತೆ. ಬಿಸಿ ಎಷ್ಟಿರ್ಬೇಕು, ಕಿಟಕಿ ಎಷ್ಟು ತೆಗೀಬೇಕು, ಅದು ಮಾತ್ರ ನಾನು ಹೇಳ್ತೀನಿ."

ಗೆದ್ದದ್ದೋ ಸೋತದ್ದೋ ಮುನಿಕೆಂಪಮ್ಮನಿಗೆ ತಿಳಿಯಲಿಲ್ಲ. ಕಿಟಕಿಯಾಚೆ ಲಕ್ಕಣ್ಣ ಸ್ಕೂಟರಿನಲ್ಲಿ ಹೋಗುವುದು ಕಂಡಿತು.

"ಲಕ್ಕಣ್ಣೋ! ಕೂಸಾಗಿದ್ದಾಗ ನಾನು ನೀರಾಕುವಾಗ ನಿಂಗೆ ಉಸಿರು ಕಟ್ತಿತ್ತೇನ್ಲಾ?"

ಲಕ್ಕಣ್ಣ ಬ್ರೇಕು ಹಿಡಿದು ಮೀಸೆ ಮುಟ್ಟಿ ನೋಡಿಕೊಂಡ.

"ಈಗ್ಲೂ ನಿನ್ನ ಕಂಡ್ರೆ ಕಟ್ತದೆ ಕಣವ್ವೋ!"