ವಿಭೂತಿ ಹಚ್ಚಿದ ಮೀನು

ರಬಕವಿಯ ನೇಕಾರ ಮುರಗೆಪ್ಪನಿಗೆ ಈಗ ಅರವತ್ತಮೂರು ವರ್ಷ. ಅದರಲ್ಲಿ ಇಪ್ಪತ್ತೆಂಟು ಚಳಿಗಾಲಗಳನ್ನು ಅವನು ಕೃಷ್ಣಾ ಹೊಳೆಯ ಕಲ್ಲಮಡುವಿನ ದಂಡೆಯಲ್ಲಿ ಮೀನು ಹಿಡಿದು ಬಿಡುವುದರಲ್ಲೇ ಕಳೆದಿದ್ದ. ಹಿಡಿದು ಬಿಡುವುದು ಎಂಬ ಮಾತನ್ನು ಗಮನಿಸಿ. ನೀವು ಗಮನಿಸದೆ ಹೋದರೆ ಅವನೇ ರಟ್ಟೆ ಹಿಡಿದು ನಿಲ್ಲಿಸಿ ಗಮನಿಸುವಂತೆ ಮಾಡುತ್ತಿದ್ದ. "ಹಿಡಿತೇನಿ, ಬಿಡ್ತೇನಿ. ಒಂದ ಜೀವ ನನ್ನ ಕೈಯಾಗ ಹೋಗಿಲ್ಲ ನೋಡ್ರಿ." ಇದನ್ನು ಚಹಾದಂಗಡಿಯಲ್ಲಿ ಹೇಳುತ್ತಿದ್ದ, ನೂಲಿನ ಅಂಗಡಿಯಲ್ಲಿ ಹೇಳುತ್ತಿದ್ದ, ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಹೇಳಿದ್ದುಂಟು.

ಈ ಹುಚ್ಚು ಹತ್ತಿಸಿದವನು ಜಮಖಂಡಿಯ ಬಾಳಾಸಾಹೇಬ. ಮಿಲಿಟರಿಯಲ್ಲಿ ಸುಬೇದಾರನಾಗಿದ್ದವನು. ಲಡಾಖಿನಲ್ಲಿದ್ದಾಗ ಹುಲ್ಲುಕಡ್ಡಿ ಬೆಳೆಯದ ಕಲ್ಲುಬೆಟ್ಟಗಳ ನಡುವೆ, ದಂಡೆಯೆಲ್ಲ ಹಿಮಗಟ್ಟಿದ ನದಿಯಲ್ಲಿ, ಸಾಹೇಬರುಗಳು ಗರಿ ಕಟ್ಟಿದ ಗಾಳದಿಂದ ಟ್ರೌಟ್ ಮೀನು ಹಿಡಿಯುವುದನ್ನು ನೋಡಿ ಕಲಿತಿದ್ದ. ಹುಳ ಇಲ್ಲ, ಹಿಟ್ಟಿನ ಉಂಡೆ ಇಲ್ಲ. ಗರಿಯನ್ನೇ ನೊಣವೆಂದು ನಂಬಿಸಿ ಮೀನಿಗೆ ಮೋಸ ಮಾಡುವ ವಿದ್ಯೆ ಅದು. ಪಿಂಚಣಿ ಪಡೆದು ಬಂದವನು ಸೀರೆ ಕೊಳ್ಳಲು ರಬಕವಿಗೆ ಬಂದಾಗ ಮುರಗೆಪ್ಪನ ಬೆರಳಿನ ಚಳಕ ನೋಡಿ, "ಅರೆ, ಈ ಕೈ ಮಗ್ಗಕ್ಕಷ್ಟ ಅಲ್ಲೋ" ಎಂದ. ಅಷ್ಟು ಸಾಕಾಯಿತು. ಬಾಳಾಸಾಹೇಬ ಬೀಸುವುದನ್ನು ಕಲಿಸಿದ, ಬಿಡುವುದನ್ನು ಕಲಿಸಲಿಲ್ಲ. ಅವನೇನು ಬಿಡುವ ಪೈಕಿ ಅಲ್ಲ, ಸಿಕ್ಕದ್ದನ್ನೆಲ್ಲ ಮೆಣಸು ಹಚ್ಚಿ ಹುರಿದು ತಿಂದವನು.

ಬಿಡುವುದು ಮುರಗೆಪ್ಪನ ಸ್ವಂತ ವಿದ್ಯೆ. ಅದಕ್ಕೆ ಕಾರಣವೂ ಇತ್ತು. ಕೊರಳಲ್ಲಿ ಲಿಂಗ ಕಟ್ಟಿದ ಮನೆತನ, ಮನೆಯೊಳಗೆ ಮೀನೆಂಬ ಶಬ್ದವನ್ನೂ ಆಡುವಂತಿಲ್ಲ. ಮಗ ಹೊಳೆದಂಡೆಯಲ್ಲಿ ಗಾಳ ಹಿಡಿದು ನಿಂತಿದ್ದನೆಂದು ಗೊತ್ತಾದ ದಿನ ಅಪ್ಪ ಊರ ಹಿರಿಯರನ್ನು ಕರೆಸಿ ಪಡಸಾಲೆಯಲ್ಲಿ ಕೂಡಿಸಿದ. ಮುರಗೆಪ್ಪ ಬಗ್ಗಲಿಲ್ಲ. ಲಿಂಗದ ಮೇಲೆ ಕೈಯಿಟ್ಟು ಆಣೆ ಮಾಡಿದ: ಹಿಡಿದದ್ದನ್ನೆಲ್ಲ ಜೀವಂತ ಬಿಡುತ್ತೇನೆ. ಒಂದೇ ಒಂದು ಮೀನು ನನ್ನ ಕೈಯಿಂದ ಸತ್ತರೂ ದೇವರಮನೆಗೆ ಕಾಲಿಡುವುದಿಲ್ಲ, ಮನೆಯವರ ಸಾಲಿನಲ್ಲಿ ಉಣ್ಣಲು ಕೂಡುವುದಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡು ಒಪ್ಪಿದರು. ಅಂದಿನಿಂದ ಅವನ ಮರ್ಯಾದೆಯೆಲ್ಲ ಆ ಒಂದು ಆಣೆಯ ಮೇಲೆ ನಿಂತಿತು.

ಅವನು ಕಟ್ಟುವ ಗಾಳ ಮಾತ್ರ ನೋಡುವಂಥದ್ದು, ಸುಳ್ಳು ಯಾಕೆ ಹೇಳಬೇಕು. ಸೀರೆ ನೇಯ್ದು ಉಳಿದ ರೇಷ್ಮೆ ಎಳೆ, ಚೂರು ಜರಿ, ಮೇಲೊಂದು ಹುಂಜದ ಗರಿ. ಗರಿಗಾಗಿ ಕೋಳಿ ಅಂಗಡಿಯ ಹಿಂದೆ ಮೂಗಿಗೆ ಟವೆಲ್ ಕಟ್ಟಿಕೊಂಡು ಹೋಗುತ್ತಿದ್ದ. ದೀಪಾವಳಿ ಕಳೆದು ಹೊಳೆಯ ರಾಡಿ ಕೂತು ನೀರು ತಿಳಿಯಾಯಿತೆಂದರೆ ಹೊತ್ತು ಮೂಡುವುದರೊಳಗೆ ಮಡುವಿನಲ್ಲಿ ಮೊಣಕಾಲಮಟ ನಿಂತಿರುತ್ತಿದ್ದ. ಚಳಿಗೆ ಮೀನುಗಳೂ ಜಡವಾಗಿ ತಳದಲ್ಲಿ ಬಿದ್ದಿರುತ್ತವೆ. ದಾರವನ್ನು ತಲೆಯ ಮೇಲೆ ಹಿಂದೆ ಮುಂದೆ ಬೀಸಿ ಗರಿಯನ್ನು ಸಪ್ಪಳವಿಲ್ಲದೆ ನೀರಿಗಿಳಿಸಿ, ಕೆಳಗೆ ಮುಳುಗಲು ಬಿಟ್ಟು ಕಾಯುತ್ತಿದ್ದ. ಒಂದು ಜಗ್ಗಿಗೆ ಎರಡು ತಾಸು ಕಾದರೂ ಬೇಸರವಿಲ್ಲ.

ಮೀನು ಬಂತೆಂದರೆ ಅವನ ಪೂಜೆ ಶುರು. ಮೊದಲು ತನ್ನ ಕೈ ಒರೆಸಿಕೊಳ್ಳುತ್ತಿದ್ದ. ಒದ್ದೆ ಕೈಯಿಂದ ರೇಷ್ಮೆ ಮುಟ್ಟಿದರೆ ಕಲೆ ಕೂಡುತ್ತದೆ ಎಂದು ಐದು ವರ್ಷದವನಿದ್ದಾಗಲೇ ಅಪ್ಪನಿಂದ ಏಟು ತಿಂದು ಕಲಿತವನು, ಬೆಲೆಯುಳ್ಳ ಯಾವುದನ್ನೇ ಆದರೂ ಒಣಗಿದ ಕೈಯಿಂದಲೇ ಮುಟ್ಟುತ್ತಿದ್ದ. ತಾನೇ ನೇಯ್ದ ಬಿಳಿ ಅರಿವೆ ಹಾಸಿ, ಮೀನನ್ನು ಅದರಲ್ಲಿ ಮಲಗಿಸಿ, ಲೋಳೆಯೆಲ್ಲ ಹೋಗುವಂತೆ ತಲೆಯಿಂದ ಬಾಲದವರೆಗೆ ಒರೆಸುತ್ತಿದ್ದ. ಆಮೇಲೆ ಚೀಲದಿಂದ ವಿಭೂತಿ ತೆಗೆದು ಮೂರು ಬೆರಳಿನಿಂದ ಅದರ ಬೆನ್ನಿಗೆ ತಿಕ್ಕಿ ಹಚ್ಚಿ, "ಹೋಗಪಾ, ಬದಕ್ಕೋ" ಎಂದು ನೀರಿಗೆ ಬಿಡುತ್ತಿದ್ದ. ಮೀನು ಒಂದು ಕ್ಷಣ ನಿಂತು, ಬಾಲ ಬಡಿದು ಹೋಗುತ್ತಿತ್ತು. ಮುರಗೆಪ್ಪನ ಕಣ್ಣು ತುಂಬಿ ಬರುತ್ತಿತ್ತು. ಮೀನಿನ ಮೇಲೆ ಅವನಿಗಿದ್ದ ಪ್ರೀತಿ ಖರೆಯದೇ.

ಮನುಷ್ಯರ ಮೇಲೆ ಮಾತ್ರ ಅಷ್ಟು ಪ್ರೀತಿ ಇರಲಿಲ್ಲ. ಮಡುವಿನ ಕೆಳಗಿನ ತಿರುವಿನಲ್ಲಿ ಅಂಬಿಗರ ಮಹಾಲಿಂಗ ಬಲೆ ಹಾಕಿ ಹೊಟ್ಟೆ ಹೊರೆಯುತ್ತಿದ್ದ. ಮಳೆಗಾಲದಲ್ಲಿ ಹೊಳೆ ಬಲೆಯನ್ನೇ ಒಯ್ಯುತ್ತದೆ, ಬೇಸಿಗೆಯಲ್ಲಿ ನೀರೇ ಇರುವುದಿಲ್ಲ. ಚಳಿಗಾಲದ ನಾಲ್ಕು ತಿಂಗಳೇ ಅವನ ವರ್ಷದ ಅನ್ನ. ದಿನಾ ಬೆಳಿಗ್ಗೆ ಅವನನ್ನು ಕಂಡರೆ ಮುರಗೆಪ್ಪ ದಂಡೆಯ ಮೇಲಿಂದಲೇ ಕೇಳುತ್ತಿದ್ದ, "ಲೇ ಮಾಲಿಂಗ್ಯಾ, ಇವತ್ತೆಷ್ಟ ಜೀವಾ ತಗದಿ?" ಮಹಾಲಿಂಗ ತಲೆ ಎತ್ತದೆ ಬಲೆಯ ತೂತು ಹೆಣೆಯುತ್ತಿದ್ದ. ಉತ್ತರ ಕೊಡದವನನ್ನು ಬೈಯುವುದು ಸುಲಭ ನೋಡಿ, ಇಪ್ಪತ್ತೆಂಟು ವರ್ಷ ಬೈದ.

ಕಳೆದ ಚಳಿಗಾಲದಲ್ಲಿ ಅಣ್ಣನ ಮಗ ಸಂಜಯ ಮೊಬೈಲು ಹಿಡಿದು ಬಂದ. ಹನ್ನೆರಡು ಪಾವರ್‌ಲೂಮಿನ ಧಣಿ. ಕಾಕಾ ಮೀನಿಗೆ ವಿಭೂತಿ ಹಚ್ಚುವುದನ್ನು ವಿಡಿಯೊ ಮಾಡಿ ಹರಿಬಿಟ್ಟ. ವಾರದಲ್ಲಿ ಲಕ್ಷಾಂತರ ಜನ ನೋಡಿದರು. ಬೀಳಗಿಯಿಂದ, ಮುಧೋಳದಿಂದ ಮಂದಿ ಬಂದು ಮುರಗೆಪ್ಪನ ಕಾಲು ಮುಟ್ಟಿ ಫೋಟೊ ತೆಗೆಸಿಕೊಂಡರು. ಹುರುಪಿಗೆ ಬಿದ್ದ ಸಂಜಯ ಹೊಸ ಮಾತು ತೆಗೆದ: ಕಲ್ಲಮಡುವಿನಲ್ಲಿ, ಅದರ ಕೆಳಗಿನ ತಿರುವಿನಲ್ಲಿ ಚಳಿಗಾಲದಲ್ಲಿ ಯಾರೂ ಬಲೆ ಹಾಕಬಾರದು, ಹೊಳೆದಂಡೆಯ ಗುಡಿಯ ಮುಂದೆ ಹಿರಿಯರು ಸೇರಿ ತೀರ್ಮಾನ ಮಾಡಲಿ, ಅವತ್ತೇ ಕಾಕಾಗೆ ಶಾಲು ಹೊದಿಸೋಣ.

"ಮತ್ತ ಮಾಲಿಂಗ ಏನ ಮಾಡಬೇಕ್ರಿ?" ಎಂದು ಹೆಂಡತಿ ಶಿವಗಂಗವ್ವ ಒಮ್ಮೆ ಕೇಳಿದಳು.

"ಸಮೀರವಾಡಿ ಕಡೆ ಕಬ್ಬ ಕಡ್ಯಾಕ ಹೋಗ್ಲಿ" ಎಂದ ಮುರಗೆಪ್ಪ.

ಸಭೆಯ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಐವತ್ತು ಅರವತ್ತು ಮಂದಿ ಸೇರಿದ್ದರು. ಹಿರಿಯ ಪ್ರಭುಲಿಂಗಪ್ಪ ನಡುವೆ ಕೂತಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ಶಾಲು. ಮುರಗೆಪ್ಪ ಎದ್ದು ನಿಂತು, ಕೊರಳ ಲಿಂಗ ಮುಟ್ಟಿ, ಹಳೆಯ ಆಣೆಯನ್ನೆಲ್ಲ ಮತ್ತೆ ಹೇಳಿದ. ಅಷ್ಟಕ್ಕೇ ಕೂತಿದ್ದರೆ ಆಗುತ್ತಿತ್ತು. ಮಂದಿ ತಲೆದೂಗುವುದನ್ನು ನೋಡಿ ನಾಲಿಗೆ ಸುಮ್ಮನಿರಲಿಲ್ಲ. "ನನ್ನ ಕೈಯಿಂದ ಒಂದರ ಸತ್ತಿದ್ರ ತಂದ ತೋರಸ್ರಿ. ಯಾರರ ತೋರಸ್ರಿ" ಎಂದ.

ಹಿಂದೆ ನಿಂತಿದ್ದ ಮಹಾಲಿಂಗ ತಲೆಯ ಮೇಲಿನ ಬುಟ್ಟಿ ಇಳಿಸಿದ. "ಅಪ್ಪಣಿ ಆದ್ರ ನಾ ತೋರಸ್ತೇನ್ರಿ."

ಬುಟ್ಟಿಯ ಮೇಲಿನ ಹಸಿ ಗೋಣಿ ತೆಗೆದ. ಹನ್ನೊಂದು ಮೀನು. ಮೈಮೇಲೆಲ್ಲ ಹತ್ತಿಯಂಥ ಬಿಳಿ ಬೂಸಲು ಎದ್ದಿತ್ತು. ಒಂದಕ್ಕೆ ಇನ್ನೂ ಜೀವವಿತ್ತು, ಕಿವಿರು ನಿಧಾನ ಬಡಿಯುತ್ತಿತ್ತು, ಕಣ್ಣಿನ ಮೇಲೂ ಬೂಸಲು ಬೆಳೆದು ಕುರುಡಾಗಿತ್ತು. ಹನ್ನೊಂದರ ಬೆನ್ನಿನ ಮೇಲೂ ಬೂಸಲು ಮೂರು ಗೆರೆಯಾಗಿ ದಪ್ಪ ಕಟ್ಟಿತ್ತು. ನಾತಕ್ಕೆ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು.

"ಮೀನಿಗೆ ಮೈಮ್ಯಾಲಿನ ಲೋಳಿನ ರಕ್ಷಣಾರಿ" ಎಂದ ಮಹಾಲಿಂಗ. ದನಿ ಏರಿಸಲಿಲ್ಲ. "ಒಣಾ ಅರಿವಿಲೆ ಒರಸಿ, ಬೂದಿ ತಿಕ್ಕಿದ್ರ ಅದು ಕಿತ್ತ ಬರತೈತಿ. ಥಂಡಿ ನೀರಾಗ ಅಲ್ಲೆ ಬೂಸಲ ಹಿಡಿತೈತಿ. ಬಿಟ್ಟ ಕೂಡ್ಲೆ ಛಲೋನ ಈಸತಾವ. ಎಂಟ ದಿನಕ್ಕ ಕೊಳತ ನನ್ನ ಬಲಿಗೆ ಬರತಾವ. ತಿನ್ನಾಕ ಬರೂದಿಲ್ಲ, ಮಾರಾಕ ಬರೂದಿಲ್ಲ. ಇಪ್ಪತ್ತೆಂಟ ವರ್ಷಾತು, ಹುಗ್ಯಾಕತ್ತೇನಿ."

"ಸುಳ್ಳ. ನೀನ ಹಚಿಗೊಂಡ ಬಂದಿ" ಎಂದ ಮುರಗೆಪ್ಪ.

ಪ್ರಭುಲಿಂಗಪ್ಪ ಒಂದು ಮೀನನ್ನು ಕಡ್ಡಿಯಿಂದ ಹೊರಳಿಸಿ ನೋಡಿದ. ಮೊದಲೆರಡು ಗೆರೆ ಹತ್ತಿರ, ಮೂರನೆಯದು ದೂರ. ಮುರಗೆಪ್ಪನ ಉಂಗುರದ ಬೆರಳು ಹರೆಯದಲ್ಲಿ ಮಗ್ಗದ ಲಾಳಿ ಬಡಿದು ಸೊಟ್ಟಗಾದದ್ದು ಅಲ್ಲಿದ್ದವರಿಗೆಲ್ಲ ಗೊತ್ತು. "ಮುರಗೆಪ್ಪಾ, ಮೂರ ಬಟ್ಟ ಇದರ ಮ್ಯಾಲ ಇಡು" ಎಂದ ಹಿರಿಯ. ಇಡಲೇಬೇಕಾಯಿತು. ಬೆರಳುಗಳು ಗೆರೆಯ ಮೇಲೆ ಸರಿಯಾಗಿ ಕೂತವು. ಅದು ಜೀವವಿದ್ದ ಮೀನು. ಕೈಯ ಕೆಳಗೆ ಒಮ್ಮೆ ಮಿಸುಕಿತು, ಮತ್ತೆ ಮಿಸುಕಲಿಲ್ಲ.

ಯಾರೋ ಕಿಸಕ್ಕನೆ ನಕ್ಕರು. ಅದೊಂದೇ ಬಾಕಿ ಇದ್ದದ್ದು, ಎಲ್ಲರೂ ನಕ್ಕರು. ಕಾಲು ಮುಟ್ಟಲು ಬಂದವರೇ ಮೊಬೈಲು ಎತ್ತಿ ಹಿಡಿದರು. ಬಲೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಸಂಜಯ ಶಾಲನ್ನು ಬಗಲಲ್ಲಿ ಇರುಕಿಕೊಂಡು ಬೈಕು ಹತ್ತಿದ, ಅಂಗಡಿಗೆ ವಾಪಸು ಕೊಡಬೇಕಲ್ಲ.

ಮಂದಿ ಕರಗಿದ ಮೇಲೆ ಮುರಗೆಪ್ಪ ಮಹಾಲಿಂಗನ ಹಿಂದೆ ಹಿಂದೆ ಹೋದ. ಮೊದಲ ಸಲ ಅವನ ಹತ್ತಿರಕ್ಕೆ ಹೋದದ್ದು. "ಇಷ್ಟ ವರ್ಷ ಯಾಕ ಬಾಯಿ ಬಿಡಲಿಲ್ಲೋ? ನೋಡಿಕೋತ ಕುಂತಿಯಲ್ಲೋ" ಎಂದ.

"ಮೊದಲನೇ ವರ್ಷನ ನಿಮ್ಮ ಮನಿಗೆ ಬಂದಿದ್ನಿರಿ" ಎಂದ ಮಹಾಲಿಂಗ. "ನಿಮ್ಮ ಮನಿಯವರನ್ನ ಕೇಳ್ರಿ." ಬುಟ್ಟಿ ಎತ್ತಿಕೊಂಡು ಹುಗಿಯಲು ಹೋದ.

ಮನೆಯಲ್ಲಿ ಶಿವಗಂಗವ್ವ ರಾಟಿಯ ಮುಂದೆ ಕೂತು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಮುರಗೆಪ್ಪ ಹೊಸ್ತಿಲಲ್ಲಿ ನಿಂತು ಕೇಳಿದ. "ಮಾಲಿಂಗ ಬಂದಿದ್ನ?"

"ಬಂದಿದ್ದ. ಮೀನಿನ ನಾತ ಮನಿತನಕ ತರಬ್ಯಾಡ ಅಂತ ನೀವ ಒಳಗಿಂದನ ಬೈದ ಕಳಿಸಿದ್ರಿ. ಅವ ನಿಂತ ಕಟ್ಟಿ ತೊಳಿ ಅಂದ್ರಿ. ತೊಳದ್ನಿ."

"ಏನ ಹೇಳಾಕ ಬಂದಿದ್ದ?"

"ಹೋಗೂಮುಂದ ನನಗ ಹೇಳಿದ, ಕೈ ತೊಯಿಸಿಕೊಂಡ ಹಿಡೀಬೇಕಂತ. ಒರಸಬಾರದಂತ, ಬೂದಿ ತಿಕ್ಕಬಾರದಂತ. ಅಷ್ಟ."

"ನೀನರ ನನಗ ಹೇಳಬಾರದಾಗಿತ್ತೇನ?"

ಶಿವಗಂಗವ್ವ ರಾಟಿ ನಿಲ್ಲಿಸಲಿಲ್ಲ. "ಹೇಳಿದ್ನಿ. ಅವತ್ತ ನಿಮಗ ಊಟಕ್ಕ ಬಡಸೂಮುಂದ ಹೇಳಿದ್ನಿ. ಕೊಲ್ಲಾಂವನ ಬುದ್ಧಿ ನನಗ ಕಲಸ್ತಿಯೇನ ಅಂತ ತಾಟ ಒದ್ರಿ. ಆಮ್ಯಾಲ ನಾ ಆ ಮಾತ ತಗದಿಲ್ಲ."

ಮುರಗೆಪ್ಪ ನೆನಪು ಮಾಡಿಕೊಳ್ಳಲು ನೋಡಿದ. ತಾಟು ನೆನಪಾಗಲಿಲ್ಲ, ಅವಳ ಮಾತು ನೆನಪಾಗಲಿಲ್ಲ, ಆ ದಿನವೇ ನೆನಪಾಗಲಿಲ್ಲ. ಇಂಥ ತಾಟುಗಳು ಎಷ್ಟೋ ಇದ್ದವು. ದೇವರ ಮುಂದೆಯಾದರೂ ಹೋಗಿ ಬೀಳೋಣವೆಂದು ದೇವರಮನೆಯ ಕಡೆ ಹೆಜ್ಜೆಯಿಟ್ಟ.

"ಅಲ್ಲೆ ನಿಲ್ರಿ" ಎಂದಳು ಶಿವಗಂಗವ್ವ. "ಆಣಿ ನೀವ ಮಾಡೀರಿ, ನಾ ಮಾಡಿಲ್ಲ."

ಅವಳು ಎದ್ದು ಒಳಗೆ ಹೋಗಿ ಎರಡು ರೊಟ್ಟಿ, ಪಲ್ಯ ಹಾಕಿಕೊಂಡು ಬಂದಳು. ಅವನನ್ನು ದಾಟಿ ಹೊರಗೆ ಹೋಗಿ ತಾಟನ್ನು ಬೀದಿಯ ಕಡೆಯ ಕಟ್ಟೆಯ ಮೇಲಿಟ್ಟಳು. ಎದುರುಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಮುರಗೆಪ್ಪ ತಾಟನ್ನೂ ಅವಳನ್ನೂ ನೋಡುತ್ತ ನಿಂತೇ ಇದ್ದ.

"ತೊಳದ ಜಾಗಾನ ಐತಿ" ಎಂದಳು ಅವಳು. "ಕುಂದ್ರರಿ."