ಪಟ್ಟಿಯಲ್ಲಿ ಬರೆಯದ ಬೀಪ್

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 10.40.

ಅಂಧೇರಿಯ ಒಂದು ಕಾರ್ ಆಕ್ಸೆಸರೀಸ್ ಅಂಗಡಿಯ ಮುಂದೆ ನಮ್ಮ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಲು ಶುರುಮಾಡಿದ್ದು ಆಗ. ಅದೇ ದಿನ ಮಧ್ಯಾಹ್ನ 3.41ಕ್ಕೆ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗ್ ಕಂಪೌಂಡಿನಲ್ಲಿ ಒಬ್ಬರ ಕಾಲು ಮುರಿಯಿತು. ನಡುವೆ ಐದು ಗಂಟೆ ಒಂದು ನಿಮಿಷ. ಸ್ಟೀರಿಯೋಗೂ ಕಾಲಿಗೂ ಏನು ಸಂಬಂಧ ಎನ್ನುತ್ತೀರಾ? ನಾನೂ ನಾಲ್ಕು ದಿನ ಹಾಗೆಯೇ ಅಂದುಕೊಂಡಿದ್ದೆ.

ಈ ಅಂಕಣ ಓದುವವರಿಗೆ ನನ್ನ ಚಾಳಿ ಗೊತ್ತು. ನಾನು ಎಲ್ಲವನ್ನೂ ಬರೆದಿಡುತ್ತೇನೆ. ಲೋಕಲ್ ಟ್ರೈನ್ ಎಷ್ಟು ನಿಮಿಷ ತಡವಾಯಿತು, ಪವಾಯಿಯ ಆಫೀಸಿಗೆ ಎಷ್ಟು ಗಂಟೆಗೆ ಮುಟ್ಟಿದೆ, ಕಾರಿನ ಟೈರಿಗೆ ಯಾವತ್ತು ಗಾಳಿ ತುಂಬಿಸಿದೆ. ಕಾರಿಗೇ ಒಂದು ಬೇರೆ ನೋಟ್‌ಬುಕ್ ಇದೆ, ನೀಲಿ ರಟ್ಟಿನದು. ಗೆಳತಿಯರು ನಗುತ್ತಾರೆ. ನನಗೆ ಅದರಿಂದ ಧೈರ್ಯ ಬರುತ್ತದೆ. ಬರೆದಿಟ್ಟದ್ದು ಕೈ ತಪ್ಪಿ ಹೋಗುವುದಿಲ್ಲ ಎಂಬ ಧೈರ್ಯ.

ಕಾರು ಅಪ್ಪನದು. ಧಾರವಾಡದಿಂದ ಬಂದು ಮೂವತ್ತೈದು ವರ್ಷ ಮುಂಬೈಯಲ್ಲಿ ನೌಕರಿ ಮಾಡಿ, ರಿಟೈರ್ ಆದ ಮೇಲೆ ಕೊಂಡದ್ದು. ಜನವರಿಯಲ್ಲಿ ಅದರ ಸ್ಟೀರಿಯೋ ಸ್ಕ್ರೀನ್ ಕಪ್ಪಾಯಿತು. ಹಾಡು ಕೇಳದಿದ್ದರೆ ಪ್ರಾಣ ಹೋಗುವುದಿಲ್ಲ. ಆದರೆ ಅಪ್ಪ ಡ್ರೈವ್ ಮಾಡುವಾಗ ಅಮ್ಮನ ಫೋನು ಬಂದರೆ ಸ್ಟೀರಿಂಗ್ ಮೇಲಿನ ಬಟನ್ ಒತ್ತಿಯೇ ಮಾತಾಡುವವರು. ಸ್ಕ್ರೀನ್ ಮುಟ್ಟುವುದಿಲ್ಲ. ಅವರದ್ದು ಎರಡೇ ಶರತ್ತು: ಸ್ಟೀರಿಂಗ್ ಬಟನ್ ಮೊದಲಿನ ಹಾಗೇ ಇರಬೇಕು, ಲಾಕ್ ಮತ್ತು ಅಲಾರಂ ಕೆಡಬಾರದು. (ಪಕ್ಕದ ಬಿಲ್ಡಿಂಗಿನಲ್ಲಿ ಒಂದು ಕಾರು ಕಳುವಾಗಿತ್ತು.)

ನಾನು ಮೂರು ವಾರ ಓದಿದೆ. ಹಳೆಯ ಸ್ಟೀರಿಯೋ ತೆಗೆದು ಹೊಸದು ಹಾಕುವುದೆಂದರೆ ಬಲ್ಬ್ ಬದಲಿಸಿದ ಹಾಗಲ್ಲ. ಈಗಿನ ಕಾರುಗಳಲ್ಲಿ ಸ್ಟೀರಿಯೋ ಉಳಿದ ಭಾಗಗಳ ಜೊತೆ ಮಾತಾಡುತ್ತಾ ಇರುತ್ತದೆ. ವೈರ್ ಕತ್ತರಿಸಿದರೆ ಒಂದಲ್ಲ ಒಂದು ಮೂಕವಾಗುತ್ತದೆ. ಹಾಗಾಗಿ ಕತ್ತರಿಸದೆ, ಕಂಪನಿಯ ಕಪ್ಲರಿಗೆ, ಅಂದರೆ ವೈರುಗಳ ತುದಿಯ ಪ್ಲಗ್ಗಿಗೆ, ಹೊಸ ಕಪ್ಲರ್ ಸಿಕ್ಕಿಸಿ, ಎರಡರ ನಡುವೆ ಸ್ಟೀರಿಂಗ್ ಬಟನ್ನಿನ ಭಾಷೆಯನ್ನು ಹೊಸ ಸ್ಟೀರಿಯೋಗೆ ತಿಳಿಸುವ ಒಂದು ಪುಟ್ಟ ಡಬ್ಬಿ ಹಾಕಬೇಕು. ಇಷ್ಟು ಕಲಿತ ಮೇಲೆ ಒಂದು ಪಟ್ಟಿ ಮಾಡಿದೆ. ಕೆಲಸ ಮುಗಿದಾಗ ಚೆಕ್ ಮಾಡಬೇಕಾದ ಇಪ್ಪತ್ತೆರಡು ಅಂಶ.

ಅಂಗಡಿಯ ಹರೀಶಣ್ಣ ಕಾರ್ಕಳದವರು. ಹೋಟೆಲ್ ಕೆಲಸಕ್ಕೆ ಮುಂಬೈಗೆ ಬಂದು ಕಾರಿನ ವೈರಿಂಗ್ ಕಲಿತವರು. ನನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. "ವಿಮಾನ ಹಾರಿಸುವವರು ಕೂಡ ಇಷ್ಟು ನೋಡ್ಲಿಕ್ಕಿಲ್ಲ ಮೇಡಂ" ಎಂದರು.

ನನಗೆ ಖುಷಿಯಾಯಿತು. ಆಗದೆ ಇರುತ್ತದೆಯೇ?

ಕೆಲಸ ನಡುವೆ ಇರುವಾಗ ಅವರು ಒಂದು ಪ್ರಶ್ನೆ ಕೇಳಿದರು. ಹಿಂದಿನ ಬಂಪರಿನಲ್ಲಿ ಪಾರ್ಕಿಂಗ್ ಸೆನ್ಸಾರ್ ಉಂಟಾ, ಅದರ ಬೀಪ್ ಎಲ್ಲಿಂದ ಬರ್ತದೆ ಎಂದು. ನಾನು ಪುಸ್ತಕದಿಂದ ತಲೆ ಎತ್ತದೆ, ಅದು ಬಂಪರಿನದ್ದು, ಸ್ಟೀರಿಯೋಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಅಷ್ಟು ಓದಿಕೊಂಡು ಬಂದವಳು ಹೇಳುತ್ತಿದ್ದಾಳೆಂದು ಅವರೂ ನಂಬಿದರು.

2.10ಕ್ಕೆ ಟಿಕ್ ಹಾಕಲು ಶುರುಮಾಡಿದೆ. ವಾಲ್ಯೂಮ್ ಬಟನ್, ಟಿಕ್. ಫೋನ್ ಎತ್ತುವ ಬಟನ್, ಟಿಕ್. (ಅಮ್ಮನಿಂದಲೇ ಫೋನ್ ಮಾಡಿಸಿದೆ. ಊಟಕ್ಕೆ ಬರ್ತೀರೋ ಇಲ್ಲೋ ಎಂದು ಬೈದರು.) ರಿಮೋಟ್ ಲಾಕ್, ಟಿಕ್. ಅಲಾರಂ ಪರೀಕ್ಷಿಸಲು ಕಿಟಕಿ ಇಳಿಸಿ, ಕಾರು ಲಾಕ್ ಮಾಡಿ, ಕೈ ಒಳಗೆ ಹಾಕಿ ಬಾಗಿಲು ತೆಗೆದೆ. ಇಡೀ ಗಲ್ಲಿ ತಿರುಗಿ ನೋಡುವ ಹಾಗೆ ಕಿರುಚಿತು. ಟಿಕ್. ರಿವರ್ಸ್ ಗೇರ್ ಹಾಕಿದರೆ ಹೊಸ ಸ್ಕ್ರೀನಿನಲ್ಲಿ ಹಿಂದಿನ ರಸ್ತೆ ಟಿವಿಯ ಹಾಗೆ ಬಂತು. ಸ್ಟೀರಿಯೋ ಜೊತೆಗೇ ಹಾಕಿಸಿದ ಹೊಸ ಕ್ಯಾಮೆರಾ! ಹಿಂದೆ ಗೋಡೆಯಿರಲಿಲ್ಲ, ಯಾವ ಗಾಡಿಯೂ ಇರಲಿಲ್ಲ. ಹಾಗಾಗಿ ಬೀಪ್ ಬರಲಿಲ್ಲ ಎಂಬುದು ಯಾರ ಕಿವಿಗೂ ಬೀಳಲಿಲ್ಲ. ಕ್ಯಾಮೆರಾ ಸಾಲಿಗೆ ಮಾತ್ರ ಟಿಕ್ ಹಾಕಲಿಲ್ಲ, ಮನೆಯ ಪಾರ್ಕಿಂಗಿನಲ್ಲಿ ನೋಡಿ ಹಾಕೋಣ ಎಂದುಕೊಂಡೆ. ಇಪ್ಪತ್ತೊಂದು ಆಗಿತ್ತು. ಒಂದು ಬಾಕಿ.

ಇಲ್ಲಿ ನಮ್ಮ ಕಂಪೌಂಡಿನ ಪದ್ಧತಿ ಹೇಳಬೇಕು. ಮುಂಬೈಯವರಿಗೆ ಹೊಸದೇನಲ್ಲ. ಕಾರು ಹಿಂದಕ್ಕೆ ಬರುವಾಗ ವಾಚ್‌ಮನ್ ಹಿಂದೆ ನಿಂತು "ಆನೇ ದೋ, ಆನೇ ದೋ" ಎನ್ನುತ್ತಾರೆ. ಸಾಕಾದಾಗ ಡಿಕ್ಕಿಯ ಮೇಲೆ ಎರಡು ಬಾರಿ ಬಡಿಯುತ್ತಾರೆ. ನಿಲ್ಲಿಸು ಎಂದರ್ಥ. ನಮ್ಮ ವಾಚ್‌ಮನ್ ಮಲ್ಲೇಶಿ ಕಾಕಾ, ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಅಪ್ಪನ ಕಾರಿಗೆ ಮಾತ್ರ ಅವರು ಕನ್ನಡದಲ್ಲಿ "ಬರ್ಲಿ, ಬರ್ಲಿ" ಎನ್ನುತ್ತಿದ್ದರು. ನಮ್ಮ ಜಾಗ ನೀರಿನ ಟ್ಯಾಂಕಿನ ಕಟ್ಟೆಯ ಮುಂದೆ. ಕಟ್ಟೆ ಮೊಣಕಾಲೆತ್ತರ. ಅಲ್ಲಿಗೆ ನೆಲ ಸ್ವಲ್ಪ ಏರಾಗಿರುವುದರಿಂದ ಆಕ್ಸಿಲರೇಟರ್ ಒತ್ತಲೇಬೇಕು. ಕಾಕಾ ಕಟ್ಟೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಆ ಎರಡು ಬಡಿತ ಕೇಳಿ ಬ್ರೇಕ್ ಹಾಕುತ್ತಿದ್ದರು. ಐದು ವರ್ಷ ಹೀಗೆಯೇ ನಡೆದಿದೆ. ಒಂದು ಗೀರೂ ಬಿದ್ದಿರಲಿಲ್ಲ. ಬೀಪ್ ಎಂದರೆ ಅಪ್ಪನಿಗೆ ಕಿರಿಕಿರಿ. "ಯಂತ್ರದ ಮಾತು ಯಾಂವ ಕೇಳ್ತಾನವಾ, ಮಲ್ಲೇಶಿ ಅದಾನಲ್ಲ" ಎನ್ನುವವರು.

3.41. ಅಂಗಡಿಯಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಅಪ್ಪ ರಿವರ್ಸ್ ಹಾಕಿದರು, ನಾನು ಪಕ್ಕದ ಸೀಟಿನಲ್ಲಿದ್ದೆ. ಸ್ಕ್ರೀನಿನಲ್ಲಿ ಕಾಕಾ ಕಾಣಿಸಿದರು. ಖಾಕಿ ಪ್ಯಾಂಟು, ಸವೆದ ಚಪ್ಪಲಿ, ಹಿಂದೆ ಕಟ್ಟೆ. ಪಶ್ಚಿಮದ ಬಿಸಿಲು ನೇರ ಅವರ ಮುಖಕ್ಕೆ ಹೊಡೆಯುತ್ತಿತ್ತು. ಎಂಥ ಸ್ಪಷ್ಟ ಚಿತ್ರ ಎಂದುಕೊಂಡೆ. ತಲೆ ತಗ್ಗಿಸಿ ಪುಸ್ತಕದಲ್ಲಿ ಬರೆದೆ: "22. ರಿವರ್ಸ್ ಕ್ಯಾಮೆರಾ, ಸ್ಪಷ್ಟ." ಟಿಕ್ ಹಾಕಿದೆ.

ಡಿಕ್ಕಿಯ ಮೇಲೆ ಬಡಿತ ಬೀಳಲಿಲ್ಲ. ಬೇರೆ ಸದ್ದು ಬಂತು.

ಆ ಟಿಕ್ಕಿನ ಬಾಲ ಪುಟದ ಅಂಚಿನವರೆಗೆ ಎಳೆದುಕೊಂಡು ಹೋಗಿದೆ. ಕಾರು ಕಟ್ಟೆಗೆ ತಾಗಿದ ಜರ್ಕಿಗೆ. ಕಾರು ಮತ್ತು ಕಟ್ಟೆಯ ನಡುವೆ ಕಾಕಾ ಅವರ ಬಲಗಾಲು ಇತ್ತು.

ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋಗುವಾಗ ಅವರು ಅಳಲಿಲ್ಲ. ಅಪ್ಪನ ತೋಳು ಹಿಡಿದುಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಸಪ್ಪಳಾನ ಬರಲಿಲ್ರಿ ಸಾಹೇಬ್ರ."

ನೋವಿನಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡೆವು. ಮೊಣಕಾಲಿನ ಕೆಳಗೆ ಮೂಳೆ ಎರಡು ಕಡೆ ಮುರಿದಿತ್ತು. ಪೊಲೀಸರು ಬಂದು ಕೇಳಿದಾಗ ಕಾಕಾ, ನಾನೇ ನೋಡದೆ ನಿಂತಿದ್ದೆ, ತಪ್ಪು ನನ್ನದು ಎಂದು ಬರೆಸಿದರು. ಅಪ್ಪ ಗೋಡೆ ನೋಡುತ್ತಾ ನಿಂತಿದ್ದರು. ನಾನು ಟೈಮ್ ಬರೆದುಕೊಂಡೆ. 6.20. (ಚಾಳಿ.)

ಗುರುವಾರ, 13ನೇ ತಾರೀಖು ಸಂಜೆ ಅಪ್ಪನೂ ನಾನೂ ವಾರ್ಡಿಗೆ ಹೋದೆವು. ಅಮ್ಮ ಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಕಾಕಾ ಒಂದು ತುತ್ತು ತಿಂದು ಡಬ್ಬಿ ಬದಿಗಿಟ್ಟರು. ಅಂದು ಯಾವ ಸಪ್ಪಳ ಬರಲಿಲ್ಲ ಅಂದಿರಿ ಎಂದು ಕೇಳಿದೆ. ಅವರು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದರು.

"ತಂಗಿ, ಯಾರ ಮುಂದೂ ಅನಬ್ಯಾಡ. ಎರಡು ವರ್ಷ ಆತು, ಕಣ್ಣ ಮುಂದ ಹಾಲ ಚೆಲ್ಲಿದಂಗ ಆಗೇತಿ. ಬಿಸಲಿಗಿ ಏನೂ ಕಾಣೂದಿಲ್ಲ. ನಿಮ್ಮ ಗಾಡಿ ಒದರತಿತ್ತಲ್ಲ, ಟಿಂ, ಟಿಂ ಅಂತ. ಅದು ಒಂದ ಸವನೆ ಹೊಡಕೊಂಡಾಗ ಎರಡು ಬಡೀತಿದ್ದೆ. ಅವತ್ತ ಒದರಲೇ ಇಲ್ಲ. ಇನ್ನೂ ದೂರ ಐತಿ ಅನಕೊಂಡೆ."

ಅಪ್ಪ ರೊಟ್ಟಿಯ ಡಬ್ಬಿಗೆ ಮುಚ್ಚಳ ಹಾಕಿದರು. ಆಮೇಲೆ, "ನಾ ನಿನ್ನ ಕೈ ನಂಬಿದ್ದೆನಲ್ಲೋ ಮಲ್ಲೇಶಿ" ಎಂದರು.

"ನಾ ನಿಮ್ಮ ಗಾಡಿ ನಂಬಿದ್ದೇರಿ."

ಕಾಕಾ ನಗಲು ನೋಡಿದರು. ಆಗಲಿಲ್ಲ.

ಅಪ್ಪ ಯಂತ್ರ ಬಿಟ್ಟು ಮನುಷ್ಯನನ್ನು ನಂಬಿದ್ದರು. ಆ ಮನುಷ್ಯ ಯಂತ್ರವನ್ನು ನಂಬಿದ್ದರು. ಹಿಂದೆ ಏನಿದೆ ಎಂದು ಎರಡು ವರ್ಷ ಎಲ್ಲರ ಪರವಾಗಿ ನೋಡುತ್ತಿದ್ದದ್ದು ಬಂಪರಿನ ನಾಲ್ಕು ಸೆನ್ಸಾರ್ ಗುಂಡಿ. ಭಾನುವಾರ ಅವುಗಳ ಬಾಯಿ ಕಟ್ಟಿದ್ದು ನಾನು. ಕಣ್ಣಿದ್ದು, ಎದುರಿಗೆ ಸ್ಕ್ರೀನ್ ಇದ್ದು, ಅದನ್ನು ನೋಡಿದವಳೂ ನಾನೊಬ್ಬಳೇ. ನೋಡಿ ಏನು ಮಾಡಿದೆ? ಚಿತ್ರ ಚೆನ್ನಾಗಿದೆ ಎಂದು ಬರೆದೆ.

ಶನಿವಾರ ಹರೀಶಣ್ಣನ ಬಳಿ ಹೋದೆ. ಹತ್ತು ನಿಮಿಷದ ಕೆಲಸ. ನಮ್ಮ ಕಾರಿನ ಸೆನ್ಸಾರಿಗೆ ತನ್ನದೇ ಬಾಯಿ ಇಲ್ಲ. ಅದು ಸ್ಟೀರಿಯೋಗೆ ಹೇಳುತ್ತದೆ, ಸ್ಟೀರಿಯೋ ಸ್ಪೀಕರಿನಲ್ಲಿ ಕೂಗುತ್ತದೆ. ಹಳೆಯ ಸ್ಟೀರಿಯೋದ ಸ್ಕ್ರೀನ್ ಸತ್ತಿದ್ದರೂ ಬೀಪ್ ಬದುಕಿತ್ತು. ಹೊಸದಕ್ಕೆ ಆ ಕೆಲಸ ಯಾರೂ ಹೇಳಿಕೊಟ್ಟಿರಲಿಲ್ಲ. ನಡುವಿನ ಡಬ್ಬಿಯಲ್ಲೇ ಅದಕ್ಕೊಂದು ವೈರ್ ಇತ್ತು, ಖಾಲಿ ನೇತಾಡುತ್ತಿತ್ತು. ಅದಕ್ಕೆ ಪುಟ್ಟ ಬಜರ್ ಜೋಡಿಸಿ ಹರೀಶಣ್ಣ ಬಂಪರಿನ ಹಿಂದೆ ಹೋಗಿ ನಿಂತರು. ಟಿಂ, ಟಿಂ, ಆಮೇಲೆ ಒಂದೇ ಸಮನೆ.

"ನಾನು ಕೇಳಿದ್ದೆ ಅಲ್ವಾ ಮೇಡಂ" ಎಂದರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ಕಾಕಾ ಅವರ ಕಾಲಿನ ವಿಷಯ ಅವರಿಗೆ ಆಗಲೇ ಹೇಳಿದ್ದೆ.

ಹೌದು, ಕೇಳಿದ್ದರು.

ಇಲ್ಲಿಯವರೆಗಿನದು ತಪ್ಪು. ಇನ್ನು ಮುಂದಿನದಕ್ಕೆ ಬೇರೆ ಹೆಸರಿದೆ.

ಅಷ್ಟರಲ್ಲಿ, 14ರಂದು, ವಾಚ್‌ಮನ್ ಏಜೆನ್ಸಿಯವರು ಕಾಕಾ ಅವರ ಕಣ್ಣು ಪರೀಕ್ಷೆ ಮಾಡಿಸಿದ್ದರು. ಎರಡರಲ್ಲೂ ಪೊರೆ. ಭಾನುವಾರ 16ರಂದು ಬೆಳಿಗ್ಗೆ 11ಕ್ಕೆ ನಮ್ಮ ಬಿಲ್ಡಿಂಗ್ ಸೊಸೈಟಿಯ ಮೀಟಿಂಗ್. ಸೆಕ್ರೆಟರಿ ಹಿಂದಿಯಲ್ಲಿ ಚುಟುಕಾಗಿ ಮುಗಿಸಿದರು: ಕಣ್ಣು ಕಾಣದವರನ್ನು ಇಟ್ಟುಕೊಂಡದ್ದರಿಂದ ಹೀಗಾಯಿತು, ಏಜೆನ್ಸಿ ಬೇರೆಯವರನ್ನು ಕಳಿಸುತ್ತದೆ, ಯಾರಿಗಾದರೂ ಏನಾದರೂ ಹೇಳುವುದಿದೆಯೇ?

ಪಕ್ಕದಲ್ಲಿ ಅಪ್ಪ ಏಳಲು ಹೊರಟರು. ನಾನು ಅವರ ಮಣಿಕಟ್ಟು ಹಿಡಿದು ಕೂರಿಸಿದೆ.

ಏಕೆ? ಬೀಪಿನ ಮಾತು ಬಂದರೆ ಡ್ರೈವ್ ಮಾಡುತ್ತಿದ್ದವರು ಯಾರು ಎಂಬ ಮಾತೂ ಬರುತ್ತದೆ. ಪೊಲೀಸರು ಮತ್ತೆ ಬರಬಹುದು. ಅಪ್ಪನಿಗೆ ಅರವತ್ತೇಳು. ಕಾಕಾ ಆಗಲೇ ತಪ್ಪು ತನ್ನದೆಂದು ಹೇಳಿಯಾಗಿದೆ. ಪೊರೆ ಇರುವುದೂ ನಿಜವೇ. ಇಷ್ಟೆಲ್ಲ ಲೆಕ್ಕ ನನ್ನ ತಲೆಯಲ್ಲಿ ಎಷ್ಟು ಬೇಗ ಓಡಿತೆಂದರೆ, ಬರೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಯಾರೂ ಏನೂ ಹೇಳಲಿಲ್ಲ. ಮೀಟಿಂಗ್ 11.25ಕ್ಕೆ ಮುಗಿಯಿತು.

ಕಣ್ಣಿನ ಪೊರೆ ತೆಗೆಯುವುದು ದೊಡ್ಡ ಆಪರೇಷನ್ ಅಲ್ಲ. ನಾನು ಎದ್ದು ನಿಂತು, ಅವರ ಕಣ್ಣಿನ ಜೊತೆ ನಮ್ಮ ಕಾರೂ ಕೆಟ್ಟಿತ್ತು, ಕೆಡಿಸಿದ್ದು ನಾನು, ಕಾಲು ಕೂಡಿ ಕಣ್ಣು ಸರಿಯಾಗುವವರೆಗೆ ಅವರ ಕೆಲಸ ಉಳಿಸಿಡಿ ಎಂದಿದ್ದರೆ? ಒಪ್ಪುತ್ತಿದ್ದರೋ ಇಲ್ಲವೋ. ಕೇಳಿದ್ದರೆ ಗೊತ್ತಾಗುತ್ತಿತ್ತು.

ಮಂಗಳವಾರ, 18ರಂದು ಕಾಕಾ ಡಿಸ್ಚಾರ್ಜ್ ಆದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಗೇಟಿನ ಪಕ್ಕದ ಕೋಣೆ ಖಾಲಿಯಾಗಿತ್ತು. ಗೋಡೆಯ ಮೊಳೆಯಲ್ಲಿ ಖಾಕಿ ಶರ್ಟು ನೇತಾಡುತ್ತಿತ್ತು. ಅದು ಏಜೆನ್ಸಿಯದು, ಬಿಟ್ಟು ಹೋಗಬೇಕು. ಅವತ್ತಿನಿಂದ ಅವರ ನಂಬರಿಗೆ ಹದಿನಾಲ್ಕು ಸಲ ಫೋನ್ ಮಾಡಿದ್ದೇನೆ. ಸ್ವಿಚ್ ಆಫ್. ಏಜೆನ್ಸಿಯವರನ್ನು ಕೇಳಿದರೆ, "ಗಾಂವ್ ಚಲಾ ಗಯಾ", ಊರಿಗೆ ಹೋದ ಎಂದರು. ಯಾವ ಗಾಂವ್? ಅವರಿಗೂ ಗೊತ್ತಿಲ್ಲ.

ಮಾರ್ಚ್ 7ರಂದು ಎಲ್ಲವನ್ನೂ ಬರೆದು ಸೊಸೈಟಿಯ ಕಮಿಟಿಗೆ ಕೊಟ್ಟೆ. ಪಟ್ಟಿಯ ಪುಟವನ್ನು, ಆ ಬಾಲ ಎಳೆದ ಟಿಕ್ಕಿನ ಸಮೇತ, ಜೆರಾಕ್ಸ್ ಮಾಡಿ ಲಗತ್ತಿಸಿದೆ. ವಿಷಯ ಮುಗಿದಿದೆ ಎಂದು ಸೆಕ್ರೆಟರಿ ಲಿಫ್ಟಿನಲ್ಲಿ ಹೇಳಿದರು. ಅಪ್ಪ ಅಂದಿನಿಂದ ಸ್ಟೀರಿಂಗ್ ಮುಟ್ಟಿಲ್ಲ. ನನ್ನ ಜೊತೆ ಊಟಕ್ಕೆ ಕೂರುತ್ತಾರೆ, ಮಾತು ಕಡಿಮೆ. ಹೊಸ ವಾಚ್‌ಮನ್ ಕಾರಿನ ಹಿಂದೆ ನಿಲ್ಲುವುದಿಲ್ಲ. ಅದೇ ಸರಿ.

ಕಾರಿನ ಬಗ್ಗೆ ಈಗ ನನಗೆ ತಿಳಿಯಬೇಕಾದದ್ದು ಏನೂ ಇಲ್ಲ. ಯಾವ ವೈರಿನಲ್ಲಿ ಬೀಪ್ ಬರುತ್ತದೆ ಎಂದು ನಾನೇ ನಿಮಗೆ ಹೇಳಿಕೊಡಬಲ್ಲೆ. ನನಗೆ ಬೇಕಾದದ್ದು ಬೇರೆ. ಈ ಪತ್ರಿಕೆಗೆ ಇಂಡಿ, ವಿಜಯಪುರ ಕಡೆಯ ಓದುಗರು ಬಹಳ. ಮುಂಬೈಯಿಂದ ಫೆಬ್ರವರಿ ಕೊನೆಗೆ ಊರಿಗೆ ಬಂದವರು, ಬಲಗಾಲಿಗೆ ಪ್ಲಾಸ್ಟರ್, ವಯಸ್ಸು ಅರವತ್ತರ ಆಚೆ, ಬಿಸಿಲಿಗೆ ಬಂದರೆ ಹಣೆಗೆ ಕೈ ಅಡ್ಡ ಹಿಡಿಯುವ ಮಲ್ಲೇಶಿ ಎಂಬವರು ನಿಮ್ಮ ಊರಿನಲ್ಲಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ.

ಅಡ್ಡಹೆಸರನ್ನೂ ಬರೆಯಿರಿ. ನೀಲಿ ಪುಸ್ತಕದಲ್ಲಿ ಐದು ವರ್ಷದ ಟೈರಿನ ಗಾಳಿ ತಾರೀಖು ಸಮೇತ ಇದೆ, ಅವರ ಅಡ್ಡಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.